ಕೊಬ್ಬಿನ ಪಾಠದಲ್ಲಿ ನಾನು ಜಾರಿದ್ದು

ಹೊಸದಾಗಿ ಜೀವಶಾಸ್ತ್ರ ಉಪನ್ಯಾಸಕರಾಗಿ ಸೇರಿದ ಹುಡುಗ ಹುಡುಗಿಯರು ಬಾಗಲಕೋಟೆಯ ನವನಗರದಲ್ಲಿರುವ ನನ್ನ ಮನೆಗೆ ಆಗಾಗ ಬರುತ್ತಾರೆ. ಪಾಠ ಹೇಗೆ ಮುಗಿಸಬೇಕು, ಹಿಂದಿನ ಬೆಂಚಿನವರನ್ನು ಹೇಗೆ ಸುಮ್ಮನಾಗಿಸಬೇಕು, ಪ್ರಾಚಾರ್ಯರ ಹತ್ತಿರ ರಜೆ ಹೇಗೆ ಕೇಳಬೇಕು ಎಂದೆಲ್ಲ ವಿಚಾರಿಸುತ್ತಾರೆ. ತಪ್ಪು ಪಾಠ ಮಾಡಿದರೆ ಏನು ಮಾಡಬೇಕು ಎಂದು ಮಾತ್ರ ಇದುವರೆಗೆ ಒಬ್ಬರೂ ಕೇಳಿಲ್ಲ. ಆ ವಿಷಯದಲ್ಲಿ ನನಗಿರುವಷ್ಟು ಅನುಭವ ಈ ಜಿಲ್ಲೆಯಲ್ಲಿ ಬೇರೆಯವರಿಗೆ ಇರಲಾರದು. ಆದ್ದರಿಂದ ಕೇಳದಿದ್ದರೂ ಹೇಳುತ್ತೇನೆ.

ನನ್ನ ನೌಕರಿ ಶುರುವಾದದ್ದು ಬಾದಾಮಿಯಲ್ಲಿ. ಮೊದಲ ಪಿಯುಸಿಗೆ ಜೀವಕೋಶದ ದೊಡ್ಡ ಅಣುಗಳ ಪಾಠ ಇರುತ್ತದೆ. ಪಿಷ್ಟದಂಥ ಕಾರ್ಬೋಹೈಡ್ರೇಟು, ಪ್ರೋಟೀನು, ಡಿಎನ್‌ಎಯಂಥ ನ್ಯೂಕ್ಲಿಕ್ ಆಮ್ಲ, ಎಣ್ಣೆ ಕೊಬ್ಬುಗಳ ಲಿಪಿಡ್ಡು, ಹೀಗೆ ನಾಲ್ಕು. ಹಲಗೆಯ ಮೇಲೆ ಎಷ್ಟು ಬರೆದರೂ ಮಕ್ಕಳ ಕಣ್ಣು ಕಿಟಕಿಯಾಚೆಯ ಮಂಗಗಳ ಮೇಲೆಯೇ ಇರುತ್ತಿತ್ತು. ಬಾದಾಮಿಯ ಮಂಗಗಳ ಜೊತೆ ಸ್ಪರ್ಧೆ ಮಾಡುವುದು ಯಾವ ಉಪನ್ಯಾಸಕರಿಗೂ ಸುಲಭವಲ್ಲ. ಕೊನೆಗೆ ಒಂದು ದಿನ ಬಳೆ ಅಂಗಡಿಗೆ ಹೋಗಿ ಬಣ್ಣ ಬಣ್ಣದ ಮಣಿ ತಂದು ನಾಲ್ಕು ಸರ ಪೋಣಿಸಿದೆ. ಒಂದೇ ಥರದ ಬಿಳಿ ಮಣಿಗಳ ಸರ ಪಿಷ್ಟ, ಅದರ ಒಂದೊಂದು ಮಣಿಯೂ ಗ್ಲೂಕೋಸ್. ಇಪ್ಪತ್ತು ಬಗೆಯ ಮಣಿಗಳ ಸರ ಪ್ರೋಟೀನು. ನಾಲ್ಕೇ ಬಗೆಯ ಮಣಿಗಳನ್ನು ಹಿಂದೆ ಮುಂದೆ ಮಾಡಿ ಪೋಣಿಸಿದ್ದು ಡಿಎನ್‌ಎ. ನಾಲ್ಕನೆಯದಕ್ಕೆ ಎಣ್ಣೆಯ ಬಣ್ಣವೆಂದು ಹಳದಿ ಮಣಿ ಪೋಣಿಸಿ, "ಇದು ಲಿಪಿಡ್. ಇದೂ ಒಂದು ಸರವೇ," ಎಂದೆ.

ಮಕ್ಕಳು ಮಂಗಗಳನ್ನು ಬಿಟ್ಟು ನನ್ನನ್ನು ನೋಡಿದರು. ಅಂದಿನಿಂದ ನನ್ನ ಹೆಸರು ಮಣಿ ಮೇಡಂ ಎಂದಾಯಿತು. ಮುಂದೆ ಇಳಕಲ್ಲಿಗೆ ವರ್ಗವಾದಾಗ ಸರಗಳೂ ನನ್ನ ಚೀಲದಲ್ಲಿ ಬಂದವು. ಅವುಗಳಲ್ಲಿ ಮೂರು ಸರಿ ಇದ್ದವು. ನಾಲ್ಕನೆಯದು ತಪ್ಪು ಎಂಬುದು ನನಗೆ ಹನ್ನೊಂದು ವರ್ಷ ಗೊತ್ತಾಗಲಿಲ್ಲ. ನಡುವೆ ಹೊಸ ಪಠ್ಯಪುಸ್ತಕ ಬಂತು. ಅದನ್ನು ಚೆನ್ನಾಗಿ ಓದಬೇಕೆಂದು ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ. ನಾನು ಓದಿರಲಿಲ್ಲ. ನನ್ನ ಹತ್ತಿರ ಮಣಿ ಇದ್ದವಲ್ಲ.

ಇಳಕಲ್ಲಿನಲ್ಲಿ ಆ ವರ್ಷ ನನ್ನ ತರಗತಿಗೆ ಬನಶಂಕರಿ ಎಂಬ ಹುಡುಗಿ ಬಂದಳು. ನೇಕಾರರ ಮನೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ್ದರಿಂದ ಇಂಗ್ಲಿಷಿನ ಪಾಠ ಅವಳಿಗೆ ತ್ರಾಸಾಗುತ್ತಿತ್ತು. ಉಳಿದವರು ತಿಳಿಯದಿದ್ದರೂ ಬಾಯಿಪಾಠ ಮಾಡುತ್ತಿದ್ದರು. ಇವಳಿಗೆ ಆ ವಿದ್ಯೆ ಬರುತ್ತಿರಲಿಲ್ಲ. ತಿಳಿಯದಿದ್ದರೆ ಕೈ ಎತ್ತುತ್ತಿದ್ದಳು.

ಒಂದು ಕೊಬ್ಬಿನ ಅಣುವಿನಲ್ಲಿ ಗ್ಲಿಸರಾಲ್ ಎಂಬುದು ಒಂದು, ಅದಕ್ಕೆ ಅಂಟಿಕೊಂಡ ಕೊಬ್ಬಿನ ಆಮ್ಲಗಳು ಮೂರು ಎಂದು ಹಲಗೆಯ ಮೇಲೆ ಚಿತ್ರ ಬರೆದು, ಹಳದಿ ಸರ ಎತ್ತಿ ತೋರಿಸಿದೆ. ಬನಶಂಕರಿಯ ಕೈ ಮೇಲೆ ಹೋಯಿತು.

"ಮೇಡಂ, ಸರಕ್ಕ ಮಣಿ ಒಂದರ ಹಿಂದ ಒಂದು ಇರಬೇಕಲ್ರಿ? ನೀವು ಬರದದ್ದರಾಗ ಒಂದ ಗಂಟಿಗೆ ಮೂರು ಎಳಿ ಜೋತು ಬಿದ್ದಾವ. ಅದು ಸರ ಹೆಂಗ ಆಗತೈತ್ರಿ? ಅದು ಕುಚ್ಚು."

ಕುಚ್ಚು ಎಂದರೆ ಸೀರೆಯ ಸೆರಗಿನ ತುದಿಗೆ ಎಳೆಗಳನ್ನು ಕೂಡಿಸಿ ಕಟ್ಟುವ ಗಂಟು. ಇಳಕಲ್ಲಿನ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಇಡೀ ತರಗತಿ ಹಲಗೆಯ ಚಿತ್ರ ನೋಡಿತು, ಆಮೇಲೆ ನನ್ನ ಕೈಯಲ್ಲಿದ್ದ ಸರ ನೋಡಿತು. ಆ ಕ್ಷಣದಲ್ಲಿ ನನಗೂ ಒಳಗೆ ಏನೋ ಚುಚ್ಚಿತು. ಆದರೆ ಹನ್ನೊಂದು ವರ್ಷದ ಮಣಿ ಮೇಡಂ ಅಷ್ಟು ಸುಲಭಕ್ಕೆ ಬಗ್ಗುತ್ತಾಳೆಯೇ?

"ಇದು ನಿಮ್ಮ ಮನಿ ಮಗ್ಗ ಅಲ್ಲ, ಸೈನ್ಸ್ ಐತಿ. ಕುಂದ್ರು," ಎಂದೆ. ತರಗತಿ ನಕ್ಕಿತು. ಅವಳು ಕೂತಳು.

ಮುಂದಿನ ವಾರದ ಕಿರು ಪರೀಕ್ಷೆಯಲ್ಲಿ, ಪಾಲಿಮರ್ ಅಂದರೆ ಸರದಂತೆ ಜೋಡಿಸಿದ ದೊಡ್ಡ ಅಣುಗಳನ್ನು ಹೆಸರಿಸಿ ಎಂದು ಎರಡು ಅಂಕದ ಪ್ರಶ್ನೆ ಕೊಟ್ಟಿದ್ದೆ. ಎಲ್ಲರೂ ನಾಲ್ಕು ಬರೆದಿದ್ದರು. ಬನಶಂಕರಿ ಮೂರೇ ಬರೆದು, ಕೆಳಗೆ "ಲಿಪಿಡ್ ಅಲ್ಲ" ಎಂದು ಗೆರೆ ಎಳೆದಿದ್ದಳು. ಆ ಗೆರೆ ನೋಡಿ ನನಗೆ ಸಿಟ್ಟು ಬಂತು. ಮೂರು ಹೆಸರಿಗಾದರೂ ಒಂದೂವರೆ ಅಂಕ ಕೊಡಬಹುದಿತ್ತು. ಸೊನ್ನೆ ಹಾಕಿದೆ. ಆಮೇಲೆ ಅವಳು ಕೈ ಎತ್ತಲಿಲ್ಲ. ಅವಳು ಸುಧಾರಿಸಿದಳು ಎಂದು ನಾನು ತಿಳಿದೆ. ಹೊಸಬರಿಗೆ ಇಲ್ಲೇ ಒಂದು ಮಾತು ಹೇಳುತ್ತೇನೆ. ಪ್ರಶ್ನೆ ಕೇಳುತ್ತಿದ್ದ ಮಗು ಸುಮ್ಮನಾದರೆ ಸುಧಾರಿಸಿತೆಂದು ತಿಳಿಯಬೇಡಿ. ಅಲ್ಲಿ ಏನೋ ಮುರಿದಿರುತ್ತದೆ.

ತಿಂಗಳೊಪ್ಪತ್ತಿನಲ್ಲಿ ಬಾಗಲಕೋಟೆಯಲ್ಲಿ ಜೀವಶಾಸ್ತ್ರ ಉಪನ್ಯಾಸಕರಿಗೆ ಎರಡು ದಿನದ ಕಾರ್ಯಾಗಾರ ನಡೆಯಿತು. ಎರಡನೆಯ ದಿನ ಪಾಠ ಮಾಡಲು ಬಂದವನು ಡಿಗ್ರಿ ಕಾಲೇಜಿನ ತರುಣ ಉಪನ್ಯಾಸಕ, ಹೆಸರು ಸಂಗಮೇಶ. ನೋಡಿದರೆ ಬಾದಾಮಿಯಲ್ಲಿ ನನ್ನ ಮೊದಲ ವರ್ಷದ ವಿದ್ಯಾರ್ಥಿ. ನನಗೆ ಎದೆಯುಬ್ಬಿತು. ಪಕ್ಕದವರಿಗೆ, ಎದುರಿನವರಿಗೆ, ಚಹಾ ಕೊಡಲು ಬಂದವನಿಗೆ ಕೂಡ, "ಆಂವ ನನ್ನ ಶಿಷ್ಯ," ಎಂದು ಹೇಳಿಟ್ಟೆ.

ಸಂಗಮೇಶ ನಾಲ್ಕು ಅಣುಗಳ ಹೆಸರು ತೆರೆಯ ಮೇಲೆ ತೋರಿಸಿ, "ಇವುಗಳಲ್ಲಿ ಗುಂಪಿಗೆ ಸೇರದ್ದು ಯಾವುದು?" ಎಂದು ಕೇಳಿದ. ಯಾರೂ ಮಾತಾಡಲಿಲ್ಲ. ಶಿಷ್ಯನಿಗೆ ಬೆಂಬಲವಾಗಲಿ ಎಂದು ನಾನು ಎದ್ದೆ. ಯಾವುದೂ ಹೊರಗಿನದಲ್ಲ, ನಾಲ್ಕೂ ಸರಗಳೇ ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಚೀಲದಿಂದ ಮಣಿ ತೆಗೆದೆ. ಎಲ್ಲರಿಗೂ ಕಾಣಲೆಂದು ಮುಂದೆ ಹೋಗಿ ನಿಂತು ಹತ್ತು ನಿಮಿಷ ವಿವರಿಸಿದೆ. ಸಂಗಮೇಶ ಕೈಕಟ್ಟಿ ನಿಂತಿದ್ದ. ಅವನ ಮುಖ ಯಾಕೆ ಹುಳ್ಳಗಾಗಿದೆ ಎಂದು ನನಗೆ ತಿಳಿಯಲಿಲ್ಲ. ನಾನು ಕೂತ ಮೇಲೆ ಅವನು ಗುಂಡಿ ಒತ್ತಿದ. ಮೊದಲೇ ಸಿದ್ಧಮಾಡಿಟ್ಟಿದ್ದ ಮುಂದಿನ ಚಿತ್ರ ದೊಡ್ಡ ಅಕ್ಷರಗಳಲ್ಲಿ ಬಂತು. ಲಿಪಿಡ್ ಪಾಲಿಮರ್ ಅಲ್ಲ.

ಎಪ್ಪತ್ತು ಜನರಿದ್ದ ಕೋಣೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿತು. "ಮೇಡಂ ಹೇಳಿದ್ದು ಸ್ವಲ್ಪ ಹಳೆಯ ಪದ್ಧತಿ," ಎಂದು ಸಂಗಮೇಶ ಕಾಪಾಡಲು ನೋಡಿದ. ಹಳೆಯ ಪದ್ಧತಿಯಲ್ಲೂ ಅದು ತಪ್ಪೇ ಎಂದು ಅವನಿಗೂ ಗೊತ್ತಿತ್ತು, ಎಪ್ಪತ್ತು ಜನರಿಗೂ ಗೊತ್ತಿತ್ತು.

ಊಟದ ಹೊತ್ತಿಗೆ ಅವನೇ ನನ್ನ ಪಕ್ಕಕ್ಕೆ ಬಂದು ಕೂತ.

"ಮೇಡಂ, ನಿಮ್ಮ ಹಳದಿ ಸರ ನಾ ಇನ್ನೂ ಮರತಿಲ್ರಿ. ಬಿ.ಎಸ್ಸಿ. ಪರೀಕ್ಷಾದಾಗೂ ಅದನ್ನ ಬರದಿದ್ದೆ."

"ಎಷ್ಟು ಅಂಕ ಬಂತಪಾ?"

"ಹೋಳಿಗಿ ಇನ್ನೊಂದು ಹಾಕಿಸಿಕೊಳ್ರಿ, ಮೇಡಂ. ಬಿಸಿ ಅದಾವ."

ಅವತ್ತು ಇಳಕಲ್ಲಿಗೆ ಹೊರಟ ಬಸ್ಸಿನಲ್ಲಿ ಕೂತು, ಮೊದಲ ಸಲ ಹೊಸ ಪಠ್ಯಪುಸ್ತಕದ ಆ ಪಾಠವನ್ನು ಓದಿದೆ. ಎಲ್ಲ ಅಲ್ಲೇ ಇತ್ತು. ಪಿಷ್ಟ, ಪ್ರೋಟೀನು, ಡಿಎನ್‌ಎಗಳಲ್ಲಿ ಕೊಂಡಿಗಳು ನೂರಾರು, ಸಾವಿರಾರು. ಅವುಗಳ ತೂಕವೂ ಸಾವಿರ, ಲಕ್ಷಗಳಲ್ಲಿ. ಕೊಬ್ಬಿನ ಅಣುವಿನ ತೂಕ ಸಾಮಾನ್ಯವಾಗಿ ಒಂದು ಸಾವಿರದೊಳಗೇ. ಅದು ದೊಡ್ಡವರ ಸಾಲಿನಲ್ಲಿ ಕೂತ ಸಣ್ಣದು. ಹುನಗುಂದ ದಾಟುವ ಹೊತ್ತಿಗೆ ನನಗೆ ಎಪ್ಪತ್ತು ಜನರ ನಗೆ ಮರೆತು, ಒಂದು ಉತ್ತರಪತ್ರಿಕೆಯ ಗೆರೆ ನೆನಪಾಗತೊಡಗಿತ್ತು.

ಮರುದಿನ ಪ್ರಾಚಾರ್ಯರ ಕೋಣೆಗೆ ಹೋಗಿ, ಹನ್ನೊಂದು ವರ್ಷದಿಂದ ತಪ್ಪು ಕಲಿಸಿದ್ದೇನೆ ಎಂದು ಹೇಳಿಕೊಂಡೆ. ಅವರು ಇತಿಹಾಸದವರು. ಗದ್ದಲವಾಗದಿದ್ದರೆ ಲೋಕದಲ್ಲಿ ಎಲ್ಲ ಸರಿಯಿದೆ ಎಂಬುದು ಅವರ ನಂಬಿಕೆ.

"ಇಲ್ಲಿ ಎಷ್ಟು ಮಂದಿಗೆ ಗೊತ್ತೈತ್ರಿ?" ಎಂದು ಕೇಳಿದರು.

"ನನಗ, ಮತ್ತ ಒಬ್ಬಾಕಿ ಹುಡುಗಿಗೆ."

"ಹಂಗಿದ್ರ ಇನ್ನೂ ತಪ್ಪಾಗಿಲ್ಲ ಬಿಡ್ರಿ," ಎಂದು ಸಮಾಧಾನ ಮಾಡಿ ಒಂದು ಅರ್ಜಿ ಮುಂದಿಟ್ಟರು. "ಇದಕ್ಕೊಂದು ಸಹಿ ಹಾಕ್ರಿ. ನಿಮ್ಮ ಕ್ಲಾಸಿನ ಹುಡುಗಿ ಆರ್ಟ್ಸಿಗೆ ಹೊಂಟಾಳ."

ಬನಶಂಕರಿಯ ಅರ್ಜಿ. ವಿಜ್ಞಾನ ತಿಳಿಯುತ್ತಿಲ್ಲವಾದ್ದರಿಂದ ಕಲಾ ವಿಭಾಗಕ್ಕೆ ಬದಲಾಯಿಸಿಕೊಡಬೇಕು ಎಂದು ಬರೆದು, ಕೆಳಗೆ ಅಪ್ಪನ ಸಹಿ. ಇಡೀ ತರಗತಿಯಲ್ಲಿ ವಿಜ್ಞಾನ ತಿಳಿದಿದ್ದವಳು ಅವಳೊಬ್ಬಳೇ. ನಾನು ಅರ್ಜಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ. "ಗದ್ದಲ ಬ್ಯಾಡ ಮೇಡಂ," ಎಂದು ಪ್ರಾಚಾರ್ಯರು ಹಿಂದಿನಿಂದ ಹೇಳುತ್ತಿದ್ದರು.

ಸಂಜೆ ಕಾಲೇಜು ಬಿಟ್ಟ ಮೇಲೆ, ಕಪಾಟಿನಲ್ಲಿದ್ದ ಅವಳ ಉತ್ತರಪತ್ರಿಕೆಯನ್ನೂ ಚೀಲಕ್ಕೆ ಹಾಕಿಕೊಂಡು, ಅವಳ ಮನೆ ಹುಡುಕಿಕೊಂಡು ಹೋದೆ. ಓಣಿಯುದ್ದಕ್ಕೂ ಮಗ್ಗದ ಸದ್ದು. ಬಾಗಿಲಲ್ಲಿ ಕೂತಿದ್ದ ಅವಳ ಅಜ್ಜಿ, "ಬರ್ರಿ ಅಕ್ಕೋರ," ಎಂದು ಚಾಪೆ ಹಾಸಿದಳು. ಒಳಗೆ ನೋಡಿ ಚಹಾ ಇಡಲು ಹೇಳಿದಳು. ಆಮೇಲೆ ನನ್ನ ಹತ್ತಿರ ಸರಿದು ದನಿ ತಗ್ಗಿಸಿ ಕೇಳಿದಳು.

"ಹುಡುಗಂದು ಯಾವೂರ್ರಿ?"

"ಯಾವ ಹುಡುಗಂದು?"

"ನೀವು ನೋಡಿದ್ದು. ಅಕ್ಕೋರು ತಾವಾಗೆ ಮನಿಗೆ ಬಂದೀರಿ ಅಂದ್ರ ಚಲೋ ಮನೆತನಾನ ಇರಬೇಕು. ಆದ್ರ ನಮ್ಮ ಬನವ್ವನ್ನ ಈಗ ಕೊಡೂದಿಲ್ರಿ. ಇನ್ನ ಎರಡು ವರ್ಷ ತಡೀರಿ."

ಹುಡುಗನನ್ನು ತಂದಿಲ್ಲ, ಸೊನ್ನೆ ತಂದಿದ್ದೇನೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಚಹಾ ಬಂತು. ಚಹಾ ತಂದವಳು ಬನಶಂಕರಿ. ನನ್ನನ್ನು ನೋಡಿ ಚಹಾದ ಬಸಿ ತುಳುಕಿಸಿದಳು. ನಾನು ಚೀಲದಿಂದ ಉತ್ತರಪತ್ರಿಕೆ ತೆಗೆದು, ಸೊನ್ನೆಯನ್ನು ಹೊಡೆದುಹಾಕಿ, ಎರಡಕ್ಕೆ ಎರಡು ಎಂದು ಬರೆದು ಸಹಿ ಹಾಕಿದೆ.

"ನೀ ಬರದದ್ದ ಖರೆ ಇತ್ತವ್ವ. ನಾ ಕಲಿಸಿದ್ದು ತಪ್ಪಿತ್ತು."

ಅಜ್ಜಿ ಹಾಳೆಯನ್ನು ತಲೆಕೆಳಗಾಗಿ ಹಿಡಿದು ನೋಡಿದಳು. "ತಪ್ಪು ಕಲಿಸಿದವರಿಗೆ ಸೊನ್ನಿ ಯಾರು ಹಾಕತಾರ್ರಿ, ಅಕ್ಕೋರ?" ಎಂದು ಕೇಳಿದಳು. ಕುಹಕವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದಳು. ನನ್ನ ಇಡೀ ನೌಕರಿಯಲ್ಲಿ ಯಾವ ಮೇಲಧಿಕಾರಿಯೂ ಇಂಥ ಪ್ರಶ್ನೆ ಕೇಳಿರಲಿಲ್ಲ.

ಬನಶಂಕರಿ ಹಾಳೆ ಇಸಿದುಕೊಂಡಳು. ಖುಷಿಯಾದಂತೆ ಕಾಣಲಿಲ್ಲ. ಅದನ್ನು ಮಡಚಿ ಹೇಳಿದಳು.

"ಮೇಡಂ, ಅಂಕ ಮನ್ಯಾಗ ಕೊಟ್ರಿ. ಬೈದದ್ದು ಕ್ಲಾಸಿನ್ಯಾಗ್ರಿ."

"ಕ್ಲಾಸಿನ್ಯಾಗನ ಹೇಳ್ತೇನಿ. ನೀ ಬರ್ತೀಯೇನು?"

"ನೀವು ಹೇಳೂದು ಕೇಳಾಕರ ಬರ್ತೇನ್ರಿ," ಎಂದಳು.

ಮರುದಿನ ತರಗತಿಯಲ್ಲಿ ಹೇಳಿದೆ. ಹಳದಿ ಸರದ ದಾರ ಕತ್ತರಿಸಿ ಮಣಿ ಬಿಚ್ಚಿದೆ. ಅವು ಬೆಂಚುಗಳ ಕೆಳಗೆಲ್ಲ ಉರುಳಿಹೋದವು. ಪಿಷ್ಟ, ಪ್ರೋಟೀನು, ಡಿಎನ್‌ಎಗಳನ್ನು ಅವುಗಳ ಕಟ್ಟಡ ನೋಡಿ ಗುರುತಿಸುತ್ತೇವೆ; ಲಿಪಿಡ್ಡುಗಳನ್ನು ನೀರಿನ ಜೊತೆ ಅವು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ನೋಡಿ ಗುರುತಿಸುತ್ತೇವೆ. ಎಣ್ಣೆ, ಮೇಣ, ಕೊಲೆಸ್ಟ್ರಾಲ್, ಇವುಗಳ ಆಕಾರದಲ್ಲಿ ಹೋಲಿಕೆ ಕಡಿಮೆ. ನೀರಿಗೆ ಬೆರೆಯದಿರುವುದೇ ಅವುಗಳ ಮನೆತನದ ಗುರುತು. ಒಂದು ಗ್ರಾಂ ಸಕ್ಕರೆ ಕೊಡುವ ಶಕ್ತಿಯ ಎರಡು ಪಟ್ಟಿಗೂ ಹೆಚ್ಚು ಶಕ್ತಿಯನ್ನು ಒಂದು ಗ್ರಾಂ ಕೊಬ್ಬು ಕೊಡುತ್ತದೆ. ಆದರೆ ಅದು ಸರವಲ್ಲ, ಬನಶಂಕರಿ ಹೇಳಿದಂತೆ ಕುಚ್ಚು ಎಂದೆ.

ಬನಶಂಕರಿಯ ಕೈ ಮೇಲೆ ಹೋಯಿತು. ತಿಂಗಳ ಮೇಲೆ ಆ ಕೈ ನೋಡಿ ನನಗೆ ಕಣ್ಣು ತುಂಬಿದಂತಾಯಿತು. ಪ್ರಶ್ನೆ ಕೇಳಿದ ಮೇಲೆ ಕಣ್ಣು ಒಣಗಿತು.

"ಸರ ಅಲ್ಲಂದ್ರ, ದೊಡ್ಡದೂ ಅಲ್ಲಂದ್ರ, ಪುಸ್ತಕದಾಗ ದೊಡ್ಡವ್ರ ಜೋಡಿ ಯಾಕ ಕುಂದ್ರಿಸ್ಯಾರ್ರಿ?"

ಅದಕ್ಕೂ ಉತ್ತರ ಬಸ್ಸಿನಲ್ಲಿ ಓದಿದ್ದೆ. ಜೀವಿಯ ಅಂಗಾಂಶವನ್ನು ಆಮ್ಲದಲ್ಲಿ ಅರೆದು ಸೋಸಿದಾಗ ಸಣ್ಣ ಅಣುಗಳು ಸೋಸಿದ ನೀರಿನಲ್ಲಿ ಕೆಳಗಿಳಿಯುತ್ತವೆ, ದೊಡ್ಡವು ಮೇಲೆ ಉಳಿಯುತ್ತವೆ. ಲಿಪಿಡ್ ಸಣ್ಣದಾದರೂ ಜೀವಕೋಶದ ಪೊರೆಯಲ್ಲಿ ಸೇರಿಕೊಂಡಿರುತ್ತದೆ. ಅರೆದಾಗ ಪೊರೆ ಹರಿದು ಚೂರುಗಳು ಪುಟ್ಟ ಗುಳ್ಳೆಗಳಾಗಿ ಸುತ್ತಿಕೊಳ್ಳುತ್ತವೆ. ನೀರಿನಲ್ಲಿ ಕರಗದ ಆ ಗುಳ್ಳೆಗಳು ದೊಡ್ಡವರ ಜೊತೆ ಮೇಲೆಯೇ ಉಳಿಯುತ್ತವೆ. ಇದನ್ನು ಎರಡು ಸಲ ಹೇಳಿದೆ. ಮುಖಗಳು ಖಾಲಿ ಇದ್ದವು. ಸುಣ್ಣದಕಡ್ಡಿ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದ ಪ್ರಯೋಗಾಲಯದ ಸಹಾಯಕ ಯಮನೂರಪ್ಪ ಬಾಯಿ ಹಾಕಿದ. ನಿವೃತ್ತಿಗೆ ಹತ್ತಿರ ಬಂದ ಮನುಷ್ಯ, ನನ್ನ ಪಾಠಗಳನ್ನೆಲ್ಲ ಬಾಗಿಲಲ್ಲೇ ನಿಂತು ಕೇಳಿದವನು.

"ಅದರಾಗ ಏನೈತ್ರಿ ಮೇಡಂ. ನಮ್ಮ ಓಣ್ಯಾಗ ದ್ಯಾಮಣ್ಣ ಅಂತ ಅದಾನ. ಆಂವ ಬೀಗರ ಪೈಕಿ ಅಲ್ರಿ. ಆದ್ರ ಬೀಗರ ಟ್ರ್ಯಾಕ್ಟರನ್ಯಾಗ ಬರ್ತಾನ, ಬೀಗರ ಪಂಕ್ತಿಗೆ ಕುಂದರತಾನ. ಬಡಸಾವರು ಬೀಗರಂತ ತಿಳದು ಎರಡು ಹೋಳಿಗಿ ಜಾಸ್ತಿ ಹಾಕತಾರ."

ತರಗತಿಗೆ ತಿಳಿಯಿತು. ಆ ವರ್ಷದ ಮಕ್ಕಳ ಟಿಪ್ಪಣಿ ಪುಸ್ತಕಗಳಲ್ಲಿ ಲಿಪಿಡ್ ಪಕ್ಕದಲ್ಲಿ ದ್ಯಾಮಣ್ಣ ಎಂದು ಬರೆದಿರುವುದನ್ನು ನಾನು ಕಣ್ಣಾರೆ ಕಂಡೆ. ತಿದ್ದಲಿಲ್ಲ. ಕಲಾ ವಿಭಾಗದ ಅರ್ಜಿಯನ್ನು ಬನಶಂಕರಿ ವಾಪಸು ಕೇಳಿ, ಪುಸ್ತಕಕ್ಕೆ ಹೊದಿಕೆಯಾಗಿ ಹಾಕಿಕೊಂಡಳು.

ಮೊದಲ ವರ್ಷದವರ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನವರೊಬ್ಬರನ್ನು ಕರೆಸುವುದು ನಮ್ಮ ಪ್ರಾಚಾರ್ಯರ ಪದ್ಧತಿ. ಆ ಸಲ ಹುನಗುಂದದಿಂದ ಪಾಟೀಲ ಸರ್ ಬಂದರು. ಅವರು ಅಂಕ ಕೊಡುವುದೆಂದರೆ ಸ್ವಂತ ಹಲ್ಲು ಕಿತ್ತು ಕೊಟ್ಟಂತೆ ಎಂದು ಹೆಸರು. ಒಬ್ಬೊಬ್ಬರಿಗೆ ಅರೆದ ಒಂದು ಪದಾರ್ಥ ಕೊಟ್ಟು, ಅದರಲ್ಲಿ ಪಿಷ್ಟ, ಸಕ್ಕರೆ, ಪ್ರೋಟೀನು, ಕೊಬ್ಬು ಯಾವುದಿದೆ ಎಂದು ಕಂಡುಹಿಡಿಯಲು ಹೇಳಿದರು. ಬನಶಂಕರಿ ಮತ್ತು ಇನ್ನು ನಾಲ್ವರಿಗೆ ಬಂದದ್ದು ಆಲೂಗಡ್ಡೆ.

ಆಯೋಡಿನ್ ಹಾಕಿದಾಗ ಎಲ್ಲರದೂ ಕಪ್ಪುನೀಲಿಯಾಯಿತು. ಪಿಷ್ಟ ಇದೆ. ಕೊಬ್ಬಿನ ಪರೀಕ್ಷೆ ಇನ್ನೂ ಸುಲಭ. ಪದಾರ್ಥವನ್ನು ಕಾಗದಕ್ಕೆ ಉಜ್ಜಿ ಒಣಗಿಸಿ ಬೆಳಕಿಗೆ ಹಿಡಿಯಬೇಕು. ನೀರಿನ ಕಲೆ ಆರಿಹೋಗುತ್ತದೆ, ಎಣ್ಣೆಯ ಕಲೆ ಉಳಿದು ಅದರಲ್ಲಿ ಬೆಳಕು ಹಾಯುತ್ತದೆ. ನಾಲ್ವರು ಕೊಬ್ಬು ಇಲ್ಲ ಎಂದು ಬರೆದರು. ಬನಶಂಕರಿ ಇದೆ ಎಂದು ಬರೆದಳು.

"ಆಲೂಗಡ್ಡ್ಯಾಗ ಕೊಬ್ಬು ಎಲ್ಲಿಂದ ಬಂತವ್ವಾ?" ಎಂದರು ಪಾಟೀಲ ಸರ್.

"ಎಲ್ಲಿಂದ ಬಂತು ಗೊತ್ತಿಲ್ರಿ ಸರ್. ಐತಿ. ಕಾಗದ ನೋಡ್ರಿ."

ಅವರು ಕಾಗದ ನೋಡಲಿಲ್ಲ, ನನ್ನನ್ನು ನೋಡಿದರು. ತಿದ್ದಿ ಬರಿ ಎಂದು ನೀವೇ ಹೇಳಿ ಎಂಬ ನೋಟ. ಆ ಮಾತು ನನ್ನ ನಾಲಿಗೆಯ ಮೇಲೆ ಬಂದೂ ಇತ್ತು. ಆಲೂಗಡ್ಡೆಯಲ್ಲಿ ಕಲೆ ಬೀಳುವಷ್ಟು ಕೊಬ್ಬು ಇರುವುದಿಲ್ಲ ಎಂದು ನನಗೂ ಗೊತ್ತಿತ್ತು. ಹುಡುಗಿಯ ಮುಖ ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು. ಈ ಸಲ ಮೇಡಂ ಏನು ಹೇಳುತ್ತಾರೆ ಎಂದು ಕಾಯುತ್ತಿದ್ದಳು.

"ಸರ್, ನಾವ ಒಮ್ಮೆ ಮಾಡಿ ನೋಡೂಣು," ಎಂದೆ.

ಪಾಟೀಲ ಸರ್ ಬೇಸರದಿಂದಲೇ ಕಾಗದಕ್ಕೆ ಉಜ್ಜಿದರು. ಫ್ಯಾನಿನ ಕೆಳಗೆ ಕಾದೆವು. ಒಣಗಿದ ಮೇಲೆ ಅವರು ಕಾಗದವನ್ನು ಕಿಟಕಿಗೆ ಹಿಡಿದರು. ಕಲೆಯೊಳಗಿಂದ ಬೆಳಕು ಬರುತ್ತಿತ್ತು. ಅವರು ಕನ್ನಡಕ ಒರೆಸಿಕೊಂಡು ಮತ್ತೆ ಹಿಡಿದರು. ಆಮೇಲೆ ಕಾಗದವನ್ನು ಮೂಗಿನ ಹತ್ತಿರ ಒಯ್ದರು.

"ಮೇಡಂ, ನಿಮ್ಮ ಇಳಕಲ್ ಆಲೂಗಡ್ಡಿ ಬಳ್ಳೊಳ್ಳಿ ವಾಸನಿ ಬರ್ತೈತಲ್ರಿ?"

ಎಲ್ಲರೂ ಯಮನೂರಪ್ಪನ ಕಡೆಗೆ ತಿರುಗಿದೆವು. ಪದಾರ್ಥ ಅರೆದವನು ಅವನು. ಸ್ವಲ್ಪ ಹೊತ್ತು ಛಾವಣಿ ನೋಡಿ, ಆಮೇಲೆ ಒಪ್ಪಿಕೊಂಡ. ಹಿಂದಿನ ದಿನ ಅದೇ ಪಿಂಗಾಣಿ ಬಟ್ಟಲಲ್ಲಿ ಮಧ್ಯಾಹ್ನದ ಊಟಕ್ಕೆ ಶೇಂಗಾ ಚಟ್ನಿ ಕುಟ್ಟಿದ್ದ.

"ಆದ್ರ ಮೂರು ಸಲ ತೊಳದೇನ್ರಿ ಸರ್, ದೇವರಾಣಿ."

"ಸಾಬಾಣ ಹಚ್ಚಿಯೇನು?"

"ಸಾಬಾಣ ಮುಗದಿತ್ರಿ. ಬರೇ ನೀರಿಲೆ ತೊಳದೆ."

"ನೀರಿಗೆ ಎಣ್ಣಿ ಹೋಗೂದಿಲ್ರಿ ಕಾಕಾ," ಎಂದಳು ಬನಶಂಕರಿ, ಬೇಸರಪಟ್ಟುಕೊಂಡು.

ಆ ಬಟ್ಟಲಲ್ಲಿ ಅದಕ್ಕೂ ಹಿಂದಿನ ವಾರ ಏನೇನು ಅರೆದಿದ್ದೆವು ಎಂದು ನೆನೆದು ನನಗೆ ಬೆವರು ಬಂತು. ಯಾಕೆಂದರೆ ಆ ಚಟ್ನಿಯನ್ನು ನಾನೂ ಎರಡು ಸಲ ಹಾಕಿಸಿಕೊಂಡಿದ್ದೆ. ಪ್ರಯೋಗಾಲಯದ ಪಾತ್ರೆಯಲ್ಲಿ ತಿನ್ನುವ ಪದಾರ್ಥವನ್ನು ಯಾವತ್ತೂ ಮಾಡಬೇಡಿ, ಮಾಡಿದವರ ಚಟ್ನಿ ಎಷ್ಟೇ ರುಚಿಯಾಗಿದ್ದರೂ ಮುಟ್ಟಬೇಡಿ.

ಪಾಟೀಲ ಸರ್ ಉಳಿದ ನಾಲ್ವರ ಕಾಗದಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದರು. ಎಲ್ಲದರಲ್ಲೂ ಕಲೆ ಇತ್ತು.

"ನಿಮಗಿದು ಕಾಣಲಿಲ್ಲೇನು?"

"ಕಂಡಿತ್ರಿ ಸರ್," ಎಂದಳು ಒಬ್ಬಳು. "ಪುಸ್ತಕದಾಗ ಇರಲಿಲ್ರಿ."

ಪಾಟೀಲ ಸರ್ ಕುರ್ಚಿಗೆ ಹೋಗಿ ಕೂತು, ಬನಶಂಕರಿಯ ಹಾಳೆಯ ಮೇಲೆ ಪೂರ್ತಿ ಅಂಕ ಬರೆದರು. ಅವರು ಪೂರ್ತಿ ಅಂಕ ಬರೆದದ್ದನ್ನು ಕಂಡವರು ಅದುವರೆಗೆ ಯಾರೂ ಇರಲಿಲ್ಲ. ಯಮನೂರಪ್ಪ ಬಗ್ಗಿ ಎರಡು ಸಲ ನೋಡಿದ. ಪಾಟೀಲ ಸರ್ ಪೆನ್ನಿನ ಮುಚ್ಚಳ ಹಾಕಿ ನನ್ನ ಕಡೆ ತಿರುಗಿದರು.

"ಭಾಳ ವಾದ ಮಾಡತೈತ್ರಿ ಈ ಹುಡುಗಿ. ಇದನ್ನ ನೀವ ಕಲಿಸಿದ್ರೇನು?"

"ಇಲ್ರಿ ಸರ್," ಎಂದೆ. "ನಾ ಬಿಡಸಾಕ ನೋಡಿದ್ದೆ. ಆಗಲಿಲ್ಲ."